ಆಕಾಶಗಂಗೆಯನ್ನು ತೂಗುವ ಲೆಕ್ಕ ತರಗತಿಗೆ ಬರಲಿ

ಮಾನ್ಯರೇ,

ಪ್ರಥಮ ಪಿಯುಸಿ ಭೌತಶಾಸ್ತ್ರ ಪುಸ್ತಕದ ಗುರುತ್ವಾಕರ್ಷಣೆ ಅಧ್ಯಾಯದ ಅಭ್ಯಾಸದಲ್ಲಿ ಒಂದು ಲೆಕ್ಕವಿದೆ. ನಮ್ಮ ಗ್ಯಾಲಕ್ಸಿಯಾದ ಆಕಾಶಗಂಗೆಯಲ್ಲಿ ಸೂರ್ಯನಷ್ಟೇ ರಾಶಿಯ (ದ್ರವ್ಯದ ಪ್ರಮಾಣದ) 25 ಸಾವಿರ ಕೋಟಿ ನಕ್ಷತ್ರಗಳಿವೆ ಎಂದುಕೊಂಡರೆ, ಕೇಂದ್ರದಿಂದ 50 ಸಾವಿರ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ) ದೂರದ ನಕ್ಷತ್ರ ಒಂದು ಸುತ್ತು ಬರಲು ಎಷ್ಟು ಕಾಲ ಬೇಕು? ಉತ್ತರ ಸುಮಾರು 35 ಕೋಟಿ ವರ್ಷ. ಪರೀಕ್ಷೆಗೆ ಬರುವುದಿಲ್ಲವೆಂದು ಇದನ್ನು ಹಾರಿಸಿ ಮುಂದೆ ಹೋಗುವುದನ್ನು ನಾನು ಸೇವೆಯುದ್ದಕ್ಕೂ ಕಂಡಿದ್ದೇನೆ. ನನಗೆ ಇದು ಸಹಿಸಲಾಗದ ನಷ್ಟ.

ಖಗೋಳ ವಿಜ್ಞಾನಿಗಳು ಮಾಡುವುದು ಇದೇ ಲೆಕ್ಕವನ್ನು, ಆದರೆ ತಿರುಗಿಸಿ. ವೇಗವನ್ನು ಅಳೆದು ರಾಶಿಯನ್ನು ಕಂಡುಹಿಡಿಯುತ್ತಾರೆ. ಇದನ್ನು ಕರಿಹಲಗೆಯ ಮೇಲೆಯೇ ಮಾಡಬಹುದು. ಗ್ಯಾಲಕ್ಸಿಯ ಕೇಂದ್ರವನ್ನು ಸುತ್ತುವ ಸೂರ್ಯನ ವೇಗ ಸೆಕೆಂಡಿಗೆ ಸುಮಾರು 230 ಕಿ.ಮೀ., ಕೇಂದ್ರದಿಂದ ದೂರ ಸುಮಾರು 26,700 ಜ್ಯೋತಿರ್ವರ್ಷ. ವೇಗದ ವರ್ಗವನ್ನು ದೂರದಿಂದ ಗುಣಿಸಿ, ಗುರುತ್ವ ಸ್ಥಿರಾಂಕದಿಂದ ಭಾಗಿಸಿದರೆ ಸೂರ್ಯನ ಕಕ್ಷೆಯೊಳಗಿನ ರಾಶಿ ಸಿಗುತ್ತದೆ: ಸುಮಾರು ಹತ್ತು ಸಾವಿರ ಕೋಟಿ ಸೂರ್ಯರಷ್ಟು! ಅಂದಾಜಿನ ಲೆಕ್ಕವೇ ಸರಿ, ಆದರೆ ಹದಿನಾರರ ಹುಡುಗಿಯೊಬ್ಬಳು ಐದು ಸಾಲಿನಲ್ಲಿ ಗ್ಯಾಲಕ್ಸಿಯನ್ನು ತೂಗಿದಂತಾಯಿತು.

ನಿಜವಾದ ಕುತೂಹಲ ಇರುವುದು ಇನ್ನೂ ಹೊರಗೆ. ರಾಶಿಯೆಲ್ಲ ನಡುವೆಯೇ ಇದ್ದಿದ್ದರೆ, ಸೂರ್ಯನಿಂದ ದೂರ ಹೋದಂತೆ ಗ್ರಹಗಳು ನಿಧಾನವಾಗುವ ಹಾಗೆ, 80 ಸಾವಿರ ಜ್ಯೋತಿರ್ವರ್ಷ ದೂರದ ನಕ್ಷತ್ರಗಳ ವೇಗ ಸೆಕೆಂಡಿಗೆ 130 ಕಿ.ಮೀ. ಆಸುಪಾಸಿಗೆ ಇಳಿಯಬೇಕಿತ್ತು. 2013ರಲ್ಲಿ ಹಾರಿದ ಯುರೋಪಿನ ಗಾಯಾ ದೂರದರ್ಶಕದ ಮಾಹಿತಿಯನ್ನೂ ಬಳಸಿ, ಸುಮಾರು 23 ಸಾವಿರ ಕೆಂಪು ದೈತ್ಯ (ವಯಸ್ಸಾಗಿ ಉಬ್ಬಿದ) ನಕ್ಷತ್ರಗಳ ಚಲನೆಯನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ ವೇಗ 200ರ ಹತ್ತಿರವೇ ಇತ್ತು. ಕಾಣದ ದ್ರವ್ಯವೇನೋ ಎಳೆದು ಹಿಡಿದಿದೆ ಎಂಬ ವಾದಕ್ಕೆ ಬಲ ಬರುವುದು ಇಂಥ ಅಳತೆಗಳಿಂದ. 2023ರಲ್ಲಿ ಇನ್ನೊಂದು ತಂಡ, ಸುಮಾರು 60 ಸಾವಿರ ಜ್ಯೋತಿರ್ವರ್ಷದಾಚೆ ವೇಗ ಚುರುಕಾಗಿ ಇಳಿಯುತ್ತದೆ, ಇಡೀ ಗ್ಯಾಲಕ್ಸಿಯ ರಾಶಿ 20 ಸಾವಿರ ಕೋಟಿ ಸೂರ್ಯರಷ್ಟೇ ಎಂದಿತು. ಬೇರೆ ವಿಧಾನಗಳಲ್ಲಿ ಅದು ಒಂದು ಲಕ್ಷ ಕೋಟಿಯ ಸುತ್ತಮುತ್ತ. ಇಷ್ಟು ಅಂತರವಿರುವ ಪ್ರಶ್ನೆ ಮಕ್ಕಳ ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ ಎಂಬುದೇ ನನ್ನ ಕಳಕಳಿಗೆ ಕಾರಣ.

ಗಾಯಾದ ದತ್ತಾಂಶ ಯಾರಿಗಾದರೂ ಉಚಿತ. ಬೇಕಾಗಿರುವುದು ಕನ್ನಡದಲ್ಲಿ ಒಂದು ಪುಟದ ವಿವರಣೆ, ಜೊತೆಗೆ ಹತ್ತು ನಕ್ಷತ್ರಗಳ ದೂರ ಮತ್ತು ವೇಗದ ಒಂದು ಕೋಷ್ಟಕ. ಪದವಿಪೂರ್ವ ಶಿಕ್ಷಣ ಇಲಾಖೆ ಇದನ್ನು ಪ್ರಾಯೋಗಿಕ ಚಟುವಟಿಕೆಯಾಗಿ ಸೇರಿಸಲಿ. ಅಲ್ಲಿಯವರೆಗೆ ತಮ್ಮ ವಿಜ್ಞಾನ ಪುಟದಲ್ಲಿಯಾದರೂ ಅಂಥ ಕೋಷ್ಟಕವೊಂದನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

— ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ, ಸಾಗರ