ಪುಟ್ಟಿಗೆ, ಮಗು ನೋಡಿಕೊಳ್ಳುವವರ ವಿಷಯವಾಗಿ

ಎಡಿಸನ್, ನ್ಯೂಜೆರ್ಸಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೆಸೇಜ್ ಎರಡು ಸಲ ಓದಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಮ್ಮಮ್ಮ ಆರು ತಿಂಗಳು ಮುಗಿಸಿ ಶಿವಮೊಗ್ಗಕ್ಕೆ ಹೋದಳು. ನಿನಗೆ ಆಫೀಸು ಶುರುವಾಯಿತು. ಆ ಗುಜರಾತಿ ಆಂಟಿ ಬಂದ ಎರಡೇ ವಾರಕ್ಕೆ ಮರಿ ಅವರ ಹೆಗಲ ಮೇಲೆ ನಿದ್ದೆ ಹೋಗುತ್ತಾನೆ. ಈಗ ಸೋಶಿಯಲ್ ಸೆಕ್ಯೂರಿಟಿ ನಂಬರ್, ಅಂದರೆ ಸಂಬಳ, ಟ್ಯಾಕ್ಸ್ ಲೆಕ್ಕಕ್ಕೆ ಸರ್ಕಾರ ಕೊಡುವ ನಂಬರು, ಕೇಳಿದಾಗ ಗೊತ್ತಾಯಿತು, ಅವರು ವಿಸಿಟರ್ ವೀಸಾದಲ್ಲಿ ಬಂದು, ಅವಧಿ ಮುಗಿದ ಮೇಲೂ ಆರು ವರ್ಷದಿಂದ ಇಲ್ಲೇ ಉಳಿದಿದ್ದಾರೆ ಅಂತ. "ಟ್ಯಾಕ್ಸ್ ಕಟ್ಟಿ ಲೀಗಲ್ ಆಗಿ ಇಟ್ಟುಕೊಳ್ಳೋ ದಾರಿ ಇದೆಯಾ" ಅಂತ ಕೇಳಿದ್ದೀಯ.

ಇಲ್ಲ ಕಣೇ. ಸುತ್ತಿ ಬಳಸಿ ಹೇಳಿದರೆ ನಿನಗೆ ಒಳ್ಳೆಯದಾಗುವುದಿಲ್ಲ.

1986ರ ಕಾನೂನಿನ ಪ್ರಕಾರ, ಕೆಲಸ ಮಾಡುವ ಅನುಮತಿ ಇಲ್ಲ ಅಂತ ಗೊತ್ತಿದ್ದೂ ಯಾರನ್ನೂ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. ಗೊತ್ತಾದ ಮೇಲೆ ಮುಂದುವರಿಸುವ ಹಾಗೂ ಇಲ್ಲ. ಯಾವಾಗಲೋ ಒಂದು ಸಂಜೆ ಬಂದು ಹೋಗುವವರದು ಬೇರೆ ಮಾತು. ದಿನಾ ಬರುವವರಾದರೆ ನಿನ್ನ ಮನೆಯೂ ಆಫೀಸಿನ ಹಾಗೇ ಲೆಕ್ಕ. ಸೇರಿದ ಮೂರು ಕೆಲಸದ ದಿನದೊಳಗೆ ಅವರ ಕಾಗದಪತ್ರ ನೋಡಿ, ಕೆಲಸದ ಅನುಮತಿ ಇದೆ ಅಂತ ದಾಖಲಿಸುವ ಐ-9 ಫಾರ್ಮ್ ತುಂಬಿ ಇಟ್ಟುಕೊಳ್ಳಬೇಕು.

ನಮ್ಮವರ ಪಾರ್ಟಿಗಳಲ್ಲಿ ಎರಡು ಸಲಹೆ ಧಾರಾಳವಾಗಿ ಸಿಗುತ್ತವೆ. ಒಂದು, ಐಟಿಐಎನ್ ಮಾಡಿಸಿಬಿಡು, ಸರಿಹೋಗುತ್ತೆ ಅಂತ. ಆ ನಂಬರು ಟ್ಯಾಕ್ಸ್ ಕಟ್ಟೋಕೆ ಮಾತ್ರ, ಕೆಲಸ ಮಾಡೋಕಲ್ಲ. ಇನ್ನೊಂದು, ಕಾಂಟ್ರಾಕ್ಟರ್ ಅಂತ ತೋರಿಸಿ, ಅಂಥವರಿಗೆ ಕೊಡುವ 1099 ಅನ್ನುವ ಟ್ಯಾಕ್ಸ್ ಫಾರ್ಮ್ ಕೊಟ್ಟುಬಿಡು ಅಂತ. ಎಷ್ಟು ಹೊತ್ತಿಗೆ ಬರಬೇಕು, ಮಗುವಿಗೆ ಏನು ತಿನ್ನಿಸಬೇಕು ಅಂತ ನೀನೇ ಹೇಳುತ್ತೀಯ ಅಲ್ವಾ? ಹಾಗಾದರೆ ಅವರು ನಿನ್ನ ಕೆಲಸದವರೇ. ಟ್ಯಾಕ್ಸ್ ಇಲಾಖೆಯೂ ಹಾಗೇ ನೋಡುತ್ತದೆ.

1993ರಲ್ಲಿ ನಾವು ಈ ದೇಶಕ್ಕೆ ಹೊಸಬರು. ಅಧ್ಯಕ್ಷ ಕ್ಲಿಂಟನ್ ಅಟಾರ್ನಿ ಜನರಲ್, ಅಂದರೆ ದೇಶದ ಕಾನೂನು ಇಲಾಖೆಯ ಮುಖ್ಯಸ್ಥರ ಹುದ್ದೆಗೆ ಝೋಯಿ ಬೇರ್ಡ್ ಅನ್ನುವವರ ಹೆಸರು ಸೂಚಿಸಿದ್ದರು. ಅವರ ಮನೆಯಲ್ಲಿ ಪೆರು ದೇಶದ ಗಂಡ ಹೆಂಡತಿ ಕಾಗದವಿಲ್ಲದೆ ಕೆಲಸಕ್ಕಿದ್ದರು, ಒಬ್ಬರು ಮಗುವಿಗೆ, ಒಬ್ಬರು ಕಾರಿಗೆ. ಅವರಿಗಾಗಿ ಸೋಶಿಯಲ್ ಸೆಕ್ಯೂರಿಟಿ ಟ್ಯಾಕ್ಸ್, ಅಂದರೆ ಪಿಂಚಣಿಗೆ ಹೋಗುವ ಟ್ಯಾಕ್ಸ್, ಕಟ್ಟಿರಲಿಲ್ಲ. ಸುದ್ದಿ ಹೊರಬಂದು ಬೇರ್ಡ್ ಹಿಂದೆ ಸರಿಯಬೇಕಾಯಿತು. ದಿನಾ ಟಿವಿಯಲ್ಲಿ ಅದೇ ಮಾತು. ಅಷ್ಟೆಲ್ಲ ನೋಡಿಯೂ ನನಗೆ ಬುದ್ಧಿ ಬರಲಿಲ್ಲ. ಅದು ದೊಡ್ಡ ಮನುಷ್ಯರ ವಿಷಯ ಅಂದುಕೊಂಡೆ.

ನಿಮ್ಮಣ್ಣ ಚಿಕ್ಕವನಿದ್ದಾಗ ಎಕ್ವಡಾರ್‌ನಿಂದ ಬಂದ ಒಬ್ಬಾಕೆ ನಾಲ್ಕು ವರ್ಷ ಅವನನ್ನು ನೋಡಿಕೊಂಡಳು. ಶುಕ್ರವಾರ ಶುಕ್ರವಾರ ಲಕೋಟೆಯಲ್ಲಿ ಕ್ಯಾಶ್ ಕೊಡುತ್ತಿದ್ದೆ. ಒಂದು ದಿನ ಆಕೆ ಬಂದು ಒಂದು ಪತ್ರ ಕೇಳಿದಳು. ನಾಲ್ಕು ವರ್ಷ ನಿಮ್ಮ ಮನೆಯಲ್ಲಿ ಕೆಲಸ ಮಾಡಿದೆ ಅಂತ ಬರೆದು ಸಹಿ ಹಾಕಿ ಕೊಡಿ, ಲಾಯರ್ ಕೇಳಿದ್ದಾರೆ ಅಂದಳು. ನನಗೆ ಕೈಕಾಲು ತಣ್ಣಗಾಯಿತು. ಒಂದು ಡಾಲರ್ ಟ್ಯಾಕ್ಸ್ ಕಟ್ಟಿರಲಿಲ್ಲ, ಹೇಗೆ ಬರೆದುಕೊಡಲಿ? ನೋಡೋಣ ಅಂದೆ. ಆಕೆಗೆ ಅರ್ಥವಾಯಿತು. ಕೋಟಿನ ಗುಂಡಿ ಒಂದೊಂದಾಗಿ ಹಾಕಿಕೊಂಡು, ಬಾಗಿಲ ಹತ್ತಿರ ಚೆಲ್ಲಾಪಿಲ್ಲಿಯಾಗಿದ್ದ ನಿಮ್ಮಣ್ಣನ ಶೂ ಜೋಡಿಸಿಟ್ಟು ಹೋದಳು. ಇವತ್ತಿಗೂ ಅದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳ ಕಷ್ಟದಿಂದ ನನ್ನ ಸಂಸಾರ ನಡೆಯಿತು, ಅವಳಿಗೆ ಬೇಕಾದಾಗ ನನ್ನಿಂದ ಒಂದು ಹಾಳೆ ಕೊಡಲಾಗಲಿಲ್ಲ.

ಆದ್ದರಿಂದ ಆ ಆಂಟಿಯನ್ನು ಸುಮ್ನೆ ನಾಳೆಯಿಂದ ಬರಬೇಡಿ ಅಂತ ಕಳಿಸಬೇಡ. ಕಾಗದ ಇಲ್ಲದಿದ್ದರೂ ದುಡಿದ ಗಂಟೆಯ ಸಂಬಳ ಅವರ ಹಕ್ಕು, ಕಾನೂನೂ ಅದನ್ನೇ ಹೇಳುತ್ತದೆ. ವಾರಕ್ಕೆ 45 ಗಂಟೆ ಅಂದೆ. 40 ದಾಟಿದ ಐದು ಗಂಟೆಗೆ ಒಂದೂವರೆ ಪಟ್ಟು ಕೊಡಬೇಕು. ಗಂಟೆಗೆ 18 ಡಾಲರ್ ಅಂದರೆ ವಾರಕ್ಕೆ 855, ಎರಡು ವಾರಕ್ಕೆ 1,710. ವರ್ಷದ ಸಂಬಳ ಒಂದು ಮಿತಿಯೊಳಗಿದ್ದರೆ ಸೋಶಿಯಲ್ ಸೆಕ್ಯೂರಿಟಿ ಟ್ಯಾಕ್ಸ್ ಇಲ್ಲ, 2025ರಲ್ಲಿ ಆ ಮಿತಿ 2,800 ಡಾಲರ್ ಇತ್ತು. ಆದರೆ ಮೂರು ತಿಂಗಳಲ್ಲಿ 1,000 ದಾಟಿದರೆ ನಿರುದ್ಯೋಗ ವಿಮೆಯ ಟ್ಯಾಕ್ಸ್ ಬೇರೆ ಇದೆ. ಅದನ್ನು ನಿಮ್ಮ ಟ್ಯಾಕ್ಸ್ ಲೆಕ್ಕ ನೋಡುವ ಸಿಪಿಎ ಹತ್ತಿರ ಕೇಳಿ ಕಟ್ಟಿಬಿಡು. ನಾಳೆ ನೀನು ಸಿಟಿಜನ್‌ಶಿಪ್‌ಗೆ ಹಾಕಿದಾಗ ಟ್ಯಾಕ್ಸ್ ಬಾಕಿ ಇದೆಯಾ ಅಂತ ಅರ್ಜಿಯಲ್ಲೇ ಕೇಳುತ್ತಾರೆ.

ನೀನೇ ಸ್ಪಾನ್ಸರ್ ಮಾಡೋ ಯೋಚನೆ ಬಿಡು. ಇಷ್ಟು ವರ್ಷ ಉಳಿದ ಮೇಲೆ ಕೆಲಸದ ದಾರಿಯಲ್ಲಿ ಇಲ್ಲೇ ಇದ್ದು ಗ್ರೀನ್ ಕಾರ್ಡ್ ಪಡೆಯುವುದು ಬಹಳ ಕಷ್ಟ. ಅದಕ್ಕಾಗಿ ದೇಶ ಬಿಟ್ಟರೆ, 1996ರ ಕಾನೂನಿನ ಪ್ರಕಾರ ವಾಪಸ್ ಬರದ ಹಾಗೆ ಹತ್ತು ವರ್ಷದ ತಡೆ ಬೀಳುತ್ತದೆ. ಆದರೆ ಅವರು ವೀಸಾ ತೋರಿಸಿ ಬಾಗಿಲಿನಿಂದಲೇ ಒಳಗೆ ಬಂದವರು, ಇದು ದೊಡ್ಡ ವಿಷಯ. 21 ತುಂಬಿದ ಮಗನೋ ಮಗಳೋ ಇಲ್ಲಿನ ಸಿಟಿಜನ್ ಆಗಿದ್ದರೆ ಅವರಿಗೆ ದಾರಿ ಇರಬಹುದು. ಅದನ್ನು ಅವರಿಗೆ ಗೊತ್ತಾಗಿಸು. ಇಮಿಗ್ರೇಶನ್ ಲಾಯರನ್ನೇ ನೋಡಲಿ, ಏಜೆಂಟರ ಹತ್ತಿರ ಹೋಗದಿರಲಿ. ಮೊದಲ ಸಲದ ಫೀಸು ನಾನು ಕೊಡುತ್ತೇನೆ. ಈ ವಿಷಯ ಸ್ನೇಹಿತರ ಗ್ರೂಪಿನಲ್ಲಿ ಹಾಕಬೇಡ. ಅವರು ಹೆದರಿಕೊಂಡು ಬದುಕುತ್ತಿದ್ದಾರೆ.

ಮುಂದಿನವರನ್ನು ಹುಡುಕುವಾಗ ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವುದು) ಇದ್ದು ಇಎಡಿ ಅನ್ನುವ ಕೆಲಸದ ಅನುಮತಿ ಕಾರ್ಡ್ ಇರುವವರು, ಅಸೈಲಂ, ಅಂದರೆ ಆಶ್ರಯ ಕೇಳಿ ಅರ್ಜಿ ಹಾಕಿ ಕೆಲಸದ ಕಾರ್ಡ್ ಪಡೆದವರು, ಎಲ್ಲರನ್ನೂ ನೋಡು. ಎಚ್-4 ಇದ್ದು ಇಎಡಿ ಇಲ್ಲದ ಪಕ್ಕದ ಮನೆಯ ಹುಡುಗಿಗೂ ಇದೇ ತೊಂದರೆ, ಮರೆಯಬೇಡ. ಇದೇ ಕಾಗದ ತನ್ನಿ ಅಂತ ಹಟ ಮಾಡಬೇಡ, ಐ-9 ಫಾರ್ಮಿನ ಪಟ್ಟಿಯಲ್ಲಿ ಯಾವುದನ್ನು ತೋರಿಸಬೇಕು ಅನ್ನುವುದು ಅವರ ಇಷ್ಟ. ಸಂಬಳ, ಸಮಯ, ರಜೆ ಎಲ್ಲಾ ಬರೆದು ಇಬ್ಬರೂ ಸಹಿ ಹಾಕಿ.

ಗುರುವಾರ ಬೆಳಗ್ಗೆ ನಾನು ಬರುತ್ತೇನೆ. ಬೇರೆಯವರು ಸಿಗುವ ತನಕ ಮರಿ ನನ್ನ ಹತ್ತಿರ ಇರಲಿ. ಆ ಆಂಟಿಯನ್ನೂ ಅವತ್ತು ಊಟಕ್ಕೆ ಕರೆ, ಸಂಬಳ ಎದುರಿಗೇ ಎಣಿಸಿ ಕೊಡು. ಮಗು ಮಲಗಿಸುವಾಗ ಅವರು ಯಾವ ಹಾಡು ಹೇಳುತ್ತಾರೆ ಅಂತ ನಾನು ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಅವನು ರಾತ್ರಿಯಿಡೀ ಅಳುತ್ತಾನೆ.

ನಿನ್ನ ದೊಡ್ಡಮ್ಮ