ಭಟ್ಕಳ ಬಸ್‌ಸ್ಟ್ಯಾಂಡಿನ ಚಹಾದಂಗಡಿ ಅಜ್ಜನಿಗೆ

ಕಳೆದ ಮಳೆಗಾಲದ ಒಂದು ರಾತ್ರಿ. ಅಪ್ಪನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾರೆಂದು ಫೋನ್ ಬಂತು. ಬಸ್‌ಸ್ಟ್ಯಾಂಡಿಗೆ ಓಡಿ ಬಂದರೆ ಬಸ್ಸು ಹೋಗಿ ಆಗಿತ್ತು. ಮುಂದಿನದಕ್ಕೆ ಎರಡು ತಾಸು. ನೆನೆದು ನಡುಗುತ್ತಿದ್ದೆ.

ನೀವು ಮುಚ್ಚುತ್ತಿದ್ದ ಅಂಗಡಿಯ ಬಾಗಿಲು ಮತ್ತೆ ತೆಗೆದಿರಿ. ಸ್ಟೂಲು ಒರೆಸಿ ಕೊಟ್ಟಿರಿ. ಕೇಳದೆಯೇ ಶುಂಠಿ ಚಹಾ ಇಟ್ಟಿರಿ.

'ದುವಾ ಮಾಡಿದ್ಯಾ ತಮ್ಮಾ?' ಅಂದಿರಿ.

ತವಕ್ಕುಲ್, ಅಂದರೆ ಎಲ್ಲವನ್ನೂ ಅಲ್ಲಾಹನ ಮೇಲೆ ಬಿಟ್ಟು ಭರವಸೆ ಇಡುವುದು, ಅದರ ಬಗ್ಗೆ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ. ಇಸ್ಲಾಮಿನ ದೊಡ್ಡ ವಿದ್ವಾಂಸ ಇಮಾಮ್ ಗಝಾಲಿ 1095ರಲ್ಲಿ ಬಾಗ್ದಾದಿನ ನಿಝಾಮಿಯಾ ಮದ್ರಸಾದ ದೊಡ್ಡ ಹುದ್ದೆ ಬಿಟ್ಟು ಹೊರಟ ಕತೆಯನ್ನು ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಆರೋಗ್ಯ ಅಂದರೇನೆಂದು ತಿಳಿಯುವುದು ಬೇರೆ, ಆರೋಗ್ಯವಾಗಿರುವುದು ಬೇರೆ ಅಂದವರು ಅವರು. ಆ ರಾತ್ರಿ ಮಾತ್ರ ಒಂದು ಸಾಲೂ ನಾಲಿಗೆಗೆ ಬರಲಿಲ್ಲ. ಸುಮ್ನೆ ತಲೆ ಅಲ್ಲಾಡಿಸಿದೆ.

ನೀವು ಉಪದೇಶ ಮಾಡಲಿಲ್ಲ. 'ಅರಬ್ಬಿ ಬರದಿದ್ರೆ ಬೇಡ. ಅಪ್ಪನಿಗೆ ಏನು ಬೇಕೋ ಅದನ್ನೇ ಕೇಳು' ಅಂದಿರಿ. ಒಣ ಟವೆಲ್ ಹಾಸಿ, ಬೆನ್ನು ತಿರುಗಿಸಿ ಗ್ಲಾಸು ತೊಳೆಯತೊಡಗಿದಿರಿ. ಬೆನ್ನು ತಿರುಗಿಸಿದಿರಲ್ಲ, ಅದಕ್ಕೇ ನನಗೆ ಅಳು ಬಂತು. ದಿನಾ ನಮಾಜಿನ ಸಜ್ದಾದಲ್ಲಿ ನೆಲಕ್ಕಿಡುವ ಹಣೆಯೇ ಅದು. ಅವತ್ತು ಎದೆಯೂ ಜತೆಗೆ ಬಾಗಿತು.

ಬಸ್ಸು ಬಂದಾಗ ಕೊಡೆ ಹಿಡಿದು ಹತ್ತಿಸಿದಿರಿ. ಚಹಾದ ದುಡ್ಡು ತಗೊಳ್ಳಲಿಲ್ಲ. ನಿಮ್ಮ ಹೆಸರೂ ಕೇಳಲಿಲ್ಲ ನಾನು. ಅಪ್ಪ ಈಗ ಮನೆಯಲ್ಲಿದ್ದಾರೆ. ನಿಮ್ಮ ಕೊಡೆಯೂ ಇಲ್ಲೇ ಇದೆ, ಗಡಿಬಿಡಿಯಲ್ಲಿ ಒಯ್ದುಬಿಟ್ಟಿದ್ದೆ. ತಂದುಕೊಡುತ್ತೇನೆ.