ಗುರುತು ಒಂದೇ ಸಾಲದು, ಅಪ್ಪಾ

ಅಪ್ಪನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. 2025ರ ವೈದ್ಯಕೀಯ ನೊಬೆಲ್ ಸುದ್ದಿ ಓದಿ, ‘ನೀನು ಮಾಡೋದೂ ಇದೇನಾ?’ ಅಂತ ಫೋನಿನಲ್ಲಿ ಕೇಳಿದಿರಿ. ಹೌದಪ್ಪಾ, ಇದೇ: ದೇಹದ ರೋಗನಿರೋಧಕ ವ್ಯವಸ್ಥೆಗೆ ಲಗಾಮು ಹಾಕುವ ಕೋಶಗಳ ಕೆಲಸ. ಅವತ್ತು ಮಾತು ಅರ್ಧಕ್ಕೇ ನಿಂತಿತು, ಅದಕ್ಕೇ ಬರೆಯುತ್ತಿದ್ದೇನೆ.

ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು ಸೋಂಕಿನ ವಿರುದ್ಧ ಹೋರಾಡುತ್ತವೆ. ಅವು ನಮ್ಮ ದೇಹದ ಮೇಲೇ ತಿರುಗಿ ಬೀಳದ ಹಾಗೆ ತಡೆಯುವ ಕೋಶಗಳೂ ಇವೆ. ಅವನ್ನು ನಾವು ಟಿ-ರೆಗ್ ಅಂತೀವಿ. ಈ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಸಾಕಾಗುಚಿ 1995ರಲ್ಲಿ ಇಲಿಗಳಲ್ಲಿ ಇವನ್ನು ಸಿಡಿ25 ಎಂಬ, ಕೋಶದ ಮೇಲ್ಮೈಯಲ್ಲಿರುವ ಪ್ರೋಟೀನಿನ ಗುರುತಿನಿಂದ ಬೇರೆ ಮಾಡಿ ತೋರಿಸಿದರು. 2001ರಲ್ಲಿ ಇನ್ನಿಬ್ಬರಾದ ಬ್ರಂಕೋ ಮತ್ತು ರಾಮ್ಸ್‌ಡೆಲ್ ಫಾಕ್ಸ್‌ಪಿ3 ಜೀನ್ ಪತ್ತೆ ಮಾಡಿದರು; ಟಿ-ರೆಗ್ ಬೆಳೆಯಲು ಬೇಕಾದ ಜೀನ್ ಇದೇ. ಆ ಜೀನ್ ಕೆಟ್ಟಿರುವ ಗಂಡುಮಕ್ಕಳಿಗೆ ಐಪೆಕ್ಸ್ ಎಂಬ ಕಾಯಿಲೆ ಬರುತ್ತದೆ. ಹಸುಗೂಸಿಗೇ ಸಕ್ಕರೆ ಕಾಯಿಲೆ, ನಿಲ್ಲದ ಭೇದಿ, ಮೈಯೆಲ್ಲ ಎಕ್ಸಿಮಾ. ಓದುವಾಗಲೇ ಸಂಕಟವಾಗುತ್ತದೆ.

ಇಲಿಯ ಟಿ ಕೋಶದಲ್ಲಿ ಫಾಕ್ಸ್‌ಪಿ3 (ಆ ಜೀನ್ ತಯಾರಿಸುವ ಪ್ರೋಟೀನಿಗೂ ಅದೇ ಹೆಸರು) ಕಂಡರೆ ಅದು ಹೆಚ್ಚುಕಡಿಮೆ ಟಿ-ರೆಗ್ಗೇ. ಮನುಷ್ಯರಲ್ಲಿ ಹಾಗಲ್ಲ. ನನ್ನ ತಲೆಬಿಸಿ ಇರುವುದೇ ಇಲ್ಲಿ. ಸಾಮಾನ್ಯ ಟಿ ಕೋಶಗಳಿಗೆ ಆ್ಯಂಟಿಬಾಡಿ ಅಂಟಿಸಿದ ಸಣ್ಣ ಮಣಿಗಳನ್ನು ಹಾಕಿ ಕೆರಳಿಸುತ್ತೇವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅವು ಊದಿಕೊಂಡು, ಮಣಿಗಳ ಸುತ್ತ ಗುಂಪುಗುಂಪಾಗಿ ಕಚ್ಚಿಕೊಂಡಿರುತ್ತವೆ. ಎರಡು-ಮೂರು ದಿನದಲ್ಲಿ ಅವುಗಳಲ್ಲೂ ಫಾಕ್ಸ್‌ಪಿ3 ಕಾಣಿಸುತ್ತದೆ, ಆಮೇಲೆ ಇಳಿಯುತ್ತದೆ. ಸಿಡಿ25 ಅಂತೂ ಜಾಸ್ತಿ ಆಗಿಯೇ ಆಗುತ್ತದೆ. ಖಾಕಿ ಹಾಕಿದವರೆಲ್ಲ ಪೊಲೀಸರಲ್ಲ, ಅಲ್ವಾ?

ಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್ ಯಂತ್ರದ ಪರದೆಯಲ್ಲಿ ಒಂದೊಂದು ಕೋಶವೂ ಒಂದು ಚುಕ್ಕಿ. ಕೆರಳಿಸದ ರಕ್ತದಲ್ಲಿ ಟಿ-ರೆಗ್ ಚುಕ್ಕಿಗಳು ಸುಮಾರಾಗಿ ಬೇರೆಯಾಗಿ ನಿಲ್ಲುತ್ತವೆ. ಕೆರಳಿಸಿದ ಮೇಲೆ ನಡುವಿನ ಜಾಗವೆಲ್ಲ ತುಂಬಿಹೋಗುತ್ತದೆ. ಗೆರೆ ಎಲ್ಲಿ ಎಳೆಯಬೇಕು ಅಂತಲೇ ಗೊತ್ತಾಗುವುದಿಲ್ಲ. ಇನ್ನೊಂದು ಕಷ್ಟ ಏನೆಂದರೆ, ಫಾಕ್ಸ್‌ಪಿ3 ಇರುವುದು ಕೋಶಕೇಂದ್ರದಲ್ಲಿ. ಅದಕ್ಕೆ ಬಣ್ಣ ಹಿಡಿಸಲು ಕೋಶವನ್ನು ಸಾಯಿಸಿ, ಪೊರೆಗೆ ತೂತು ಮಾಡಬೇಕು. ಆಮೇಲೆ ಅದೇ ಕೋಶ ಬೇರೆಯವನ್ನು ತಡೆಯುತ್ತಿತ್ತೋ ಇಲ್ಲವೋ ಅಂತ ನೋಡುವುದು ಹೇಗೆ?

ಹಾಗಾಗಿ ಡಿಎನ್‌ಎಯನ್ನೇ ನೋಡುತ್ತೇವೆ. ಫಾಕ್ಸ್‌ಪಿ3 ಜೀನಿನ ಒಂದು ಭಾಗದಲ್ಲಿ, ನಿಜವಾದ ಟಿ-ರೆಗ್ ಆದರೆ ಮೀಥೈಲ್ ಗುಂಪುಗಳು, ಅಂದರೆ ಡಿಎನ್‌ಎಗೆ ಅಂಟಿಕೊಳ್ಳುವ ಪುಟ್ಟ ರಾಸಾಯನಿಕ ತುಣುಕುಗಳು, ಕಳಚಿಹೋಗಿರುತ್ತವೆ. ಸುಮ್ನೆ ಕೆರಳಿದ ಕೋಶದಲ್ಲಿ ಅವು ಹಾಗೇ ಉಳಿದಿರುತ್ತವೆ. ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಈ ಪರೀಕ್ಷೆಯ ಮೇಲೆ. ಟಿ-ರೆಗ್‌ಗಳನ್ನು ಲ್ಯಾಬಿನಲ್ಲಿ ಬೆಳೆಸಿ ರೋಗಿಗೆ ಕೊಡುವ ಪ್ರಯತ್ನಗಳು ನಡೆಯುತ್ತಿವೆ. ಅಲ್ಲಿ ಗುರುತು ತಪ್ಪಿದರೆ ದಾಳಿ ಮಾಡುವ ಕೋಶಗಳೇ ಒಳಗೆ ಹೋಗಬಹುದು.

ಇನ್ನು ಮುಂದೆ ಪೇಪರಿನಲ್ಲಿ ‘ರೋಗಿಗಳಲ್ಲಿ ಫಾಕ್ಸ್‌ಪಿ3 ಕೋಶ ಹೆಚ್ಚಿವೆ’ ಅಂತ ಕಂಡರೆ ಕತ್ತರಿಸಿ ಇಡಿ. ಅವು ಕೆರಳಿದ ಕೋಶಗಳೋ ಟಿ-ರೆಗ್ಗೋ ಅಂತ ಇಬ್ಬರೂ ಕೂತು ನೋಡೋಣ. ಅಮ್ಮನಿಗೂ ಓದಿ ಹೇಳಿ.

ನಿಮ್ಮ ಮಗಳು